ಹಾಲುಹಲ್ಲು ಹ್ಯಾಗೂ ಬೀಳ್ತದಲ್ಲ ಸರ್?

ಹೊನ್ನಾವರದ ಕಡೆಯಿಂದ ಒಬ್ಬ ತಾಯಿ ನೇರಪ್ರಸಾರಕ್ಕೆ ಫೋನ್ ಮಾಡಿದ್ದರು. ಅವತ್ತು ಚರ್ಚೆ ನಡೀತಿದ್ದದ್ದು ಹೆದ್ದಾರಿ ಕಾಮಗಾರಿ ಬಗ್ಗೆ. ರಸ್ತೆ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳಿ, ಫೋನ್ ಇಡುವ ಮುಂಚೆ ಸ್ವಲ್ಪ ದನಿ ತಗ್ಗಿಸಿ ಕೇಳಿದರು: "ಸರ್, ಇನ್ನೊಂದು ಕೇಳ್ಲಾ? ನಮ್ಮ ಮಗನಿಗೆ ಎರಡು ವರ್ಷ. ಮೇಲಿನ ಮುಂದಿನ ಹಲ್ಲೆಲ್ಲ ಕಪ್ಪಾಗಿ ಅರ್ಧಕ್ಕೇ ಮುರಿದ ಹಾಗೆ ಆಗಿದೆ. ಹಾಲುಹಲ್ಲು ಹ್ಯಾಗೂ ಬೀಳ್ತದೆ, ಅದಕ್ಕೆಲ್ಲ ಎಂತಕ್ಕೆ ತಲೆಬಿಸಿ ಅಂತಾರೆ ಮನೇಲಿ. ಹೌದಾ ಸರ್?" ಅಷ್ಟರಲ್ಲಿ ಬ್ರೇಕ್ ಬಂತು. ಅವತ್ತು ಕೊಡೋಕೆ ಆಗದ ಉತ್ತರವನ್ನು ಇವತ್ತು ವಿವರವಾಗಿ ಹೇಳ್ತೀನಿ.

ಬೀಳುತ್ತೆ. ಆದರೆ ಯಾವಾಗ ಬೀಳುತ್ತೆ? ಮಗುವಿಗೆ ಸುಮಾರು ಆರು ತಿಂಗಳಿಗೆ ಮೊದಲ ಹಲ್ಲು ಕಾಣಿಸಿಕೊಳ್ಳುತ್ತೆ, ಎರಡೂವರೆಯಿಂದ ಮೂರು ವರ್ಷದೊಳಗೆ ಇಪ್ಪತ್ತೂ ಹಾಲುಹಲ್ಲು ಬಂದಿರುತ್ತವೆ. ಮುಂದಿನ ಬಾಚಿಹಲ್ಲುಗಳು ಆರು, ಏಳು ವರ್ಷಕ್ಕೆ ಅಲುಗಾಡೋಕೆ ಶುರುವಾಗುತ್ತವೆ. ನಾವೆಲ್ಲ ಚಿಕ್ಕವರಿದ್ದಾಗ ಸಗಣಿಯಲ್ಲಿ ಸುತ್ತಿ ಮಾಡಿನ ಮೇಲೆ ಎಸೆದದ್ದು ಆ ಹಲ್ಲುಗಳನ್ನೇ. ಹಿಂದಿನ ಹಾಲುದವಡೆಗಳ ಲೆಕ್ಕ ಬೇರೆ. ಅವು ಬೀಳೋದು ಹತ್ತರಿಂದ ಹನ್ನೆರಡು ವರ್ಷಕ್ಕೆ. ಅಂದರೆ ಎರಡು ವರ್ಷದ ಮಗುವಿನ ದವಡೆಹಲ್ಲು ಹುಳುಕಾದರೆ, ಇನ್ನೂ ಎಂಟು, ಹತ್ತು ವರ್ಷ ಆ ಮಗು ಅದೇ ಹಲ್ಲಿನಲ್ಲಿ ಅನ್ನ ಅಗಿಯಬೇಕು. ಒಂದನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗೆ! ನಮಗೆ ಒಂದು ರಾತ್ರಿ ಹಲ್ಲುನೋವು ಬಂದರೆ ಮನೆಯೆಲ್ಲ ಎದ್ದು ಕೂರುತ್ತೆ. ಮಾತು ಬಾರದ ಮಗು ಏನು ಮಾಡಬೇಕು ಹೇಳಿ? ಊಟ ಬೇಡ ಅನ್ನುತ್ತೆ, ರಾತ್ರಿ ಎದ್ದೆದ್ದು ಅಳುತ್ತೆ, ಗಟ್ಟಿ ಪದಾರ್ಥ ಕೊಟ್ಟರೆ ಉಗುಳುತ್ತೆ. ನಾವು ಅದಕ್ಕೆ ಹಟಮಾರಿ ಅಂತ ಹೆಸರಿಡ್ತೀವಿ.

ಇನ್ನೊಂದು ಸಂಗತಿ ಇದೆ. ಪ್ರತಿ ಹಾಲುಹಲ್ಲಿನ ಕೆಳಗೆ, ದವಡೆಯ ಮೂಳೆಯೊಳಗೆ, ಶಾಶ್ವತ ಹಲ್ಲು ರೂಪುಗೊಳ್ಳುತ್ತಾ ಇರುತ್ತೆ. ಮೇಲಿನ ಹಲ್ಲಿನ ಬೇರಿನಲ್ಲಿ ಕೀವಾದರೆ ಕೆಳಗಿನ ಹಲ್ಲಿನ ಹೊರಪದರಕ್ಕೂ ಏಟು ಬೀಳಬಹುದು, ಮುಂದೆ ಅದು ಕಲೆಯಾಗಿ, ಒರಟಾಗಿ ಹುಟ್ಟಬಹುದು. ಹಾಲುದವಡೆ ಬೇಗ ಉದುರಿದರೆ ಅಕ್ಕಪಕ್ಕದ ಹಲ್ಲು ಆ ಜಾಗಕ್ಕೆ ವಾಲಿಕೊಳ್ಳುತ್ತವೆ. ಆಮೇಲೆ ಬರುವ ಹಲ್ಲಿಗೆ ಜಾಗ ಇರಲ್ಲ, ಅದು ಸೊಟ್ಟಗೆ ಬರುತ್ತೆ. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿ ಜಾಗ ಹಿಡೀತೀವಲ್ಲ, ಹಾಲುಹಲ್ಲು ಮಾಡೋದು ಅದೇ ಕೆಲಸ. ಟವೆಲ್ ತೆಗೆದರೆ ಸೀಟು ಹೋಯ್ತು.

ಹಾಗಾದರೆ ಈ ಹುಳುಕು ಬರೋದು ಎಲ್ಲಿಂದ? 'ಹಲ್ಲಿಗೆ ಹುಳ ಬಿದ್ದಿದೆ' ಅನ್ನೋದು ನಮ್ಮ ಭಾಷೆಯಲ್ಲೇ ಬೇರುಬಿಟ್ಟ ಮಾತು. ನಮ್ಮಲ್ಲಿ ಮಾತ್ರ ಅಲ್ಲ, ಪ್ರಾಚೀನ ಮೆಸೊಪೊಟೇಮಿಯಾದ ಮಣ್ಣಿನ ಫಲಕಗಳಲ್ಲೂ ಹಲ್ಲಿನ ಹುಳದ ಕಥೆ ಇದೆ. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್, ನಾನು ಹುಡುಕಿದೆ, ಹುಳ ಕಾಣಲಿಲ್ಲ ಅಂತ ಪುಸ್ತಕ ಬರೆದು ಹೇಳಿದ. ಅಲ್ಲಿಂದ ಮುಂದೆ 1890ರಲ್ಲಿ ವಿಲ್ಲೋಬಿ ಮಿಲ್ಲರ್ ಎಂಬ ವಿಜ್ಞಾನಿ ನಿಜವಾದ ಕಾರಣ ಬಿಡಿಸಿಟ್ಟ: ಬಾಯಲ್ಲಿರುವ ಸೂಕ್ಷ್ಮಾಣುಗಳು ಸಕ್ಕರೆ, ಪಿಷ್ಟ ತಿಂದು ಆಮ್ಲ ಬಿಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತೆ. ಅವುಗಳಲ್ಲಿ ಮುಖ್ಯವಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಅನ್ನೋ ಬ್ಯಾಕ್ಟೀರಿಯಾ 1924ರಲ್ಲಿ ಪತ್ತೆಯಾಯಿತು. ಹುಟ್ಟಿದ ಮಗುವಿನ ಬಾಯಲ್ಲಿ ಇದು ಇರಲ್ಲ. ಹೆಚ್ಚಾಗಿ ಮನೆಯವರ ಜೊಲ್ಲಿನಿಂದಲೇ ಬರುತ್ತೆ. ಬಿಸಿ ನೋಡೋಕೆ ಅಂತ ಚಮಚ ನಮ್ಮ ಬಾಯಿಗಿಟ್ಟು ಅದನ್ನೇ ಮಗುವಿನ ಬಾಯಿಗೆ ಇಡ್ತೀವಲ್ಲ, ಆ ದಾರಿ. ಹಾಗಾಗಿ ಮಗುವಿನ ಹಲ್ಲಿನ ಕಥೆ ಶುರುವಾಗೋದು ದೊಡ್ಡವರ ಹುಳುಕಿನಿಂದ. ತಾಯಿಯನ್ನೊಬ್ಬಳನ್ನೇ ಬೈಯೋದು ಬೇಡ, ಅಪ್ಪ, ಅಜ್ಜ, ಅಜ್ಜಿಯರಿಗೂ ಬಾಯಿ ಇದೆ.

ಈಗ ರಾತ್ರಿಯ ಬಾಟಲಿಗೆ ಬರೋಣ. 1962ರಲ್ಲಿ ಎಲಿಯಾಸ್ ಫಾಸ್ ಎಂಬ ಅಮೆರಿಕದ ದಂತವೈದ್ಯ ಈ ಹುಳುಕಿಗೂ ಹಾಲಿನ ಬಾಟಲಿಗೂ ಇರುವ ನಂಟನ್ನು ಗುರುತಿಸಿ, ಅದಕ್ಕೆ ಬಾಟಲಿ ಬಾಯಿ ಅನ್ನೋ ಅರ್ಥದ ಹೆಸರನ್ನೇ ಕೊಟ್ಟರು. ಆ ತಾಯಿ ಹೇಳಿದ್ದು ನೆನಪಿದೆಯಾ? ಮೇಲಿನ ಮುಂದಿನ ಹಲ್ಲು. ಕೆಳಗಿನವು ಚೆನ್ನಾಗಿಯೇ ಇರುತ್ತವೆ. ಯಾಕೆ ಗೊತ್ತಾ? ಮಗು ಬಾಟಲಿ ಚೀಪುವಾಗ ನಾಲಿಗೆ ಮುಂದೆ ಬಂದು ಕೆಳಗಿನ ಹಲ್ಲನ್ನು ಮುಚ್ಚಿಕೊಳ್ಳುತ್ತೆ, ಜೊಲ್ಲು ಸುರಿಸುವ ಗ್ರಂಥಿಗಳೂ ಅಲ್ಲೇ ಹತ್ತಿರ ಇವೆ. ಹಾಲು ನಿಲ್ಲೋದು ಮೇಲಿನ ಹಲ್ಲಿನ ಸುತ್ತ. ಎಚ್ಚರ ಇದ್ದಾಗ ಜೊಲ್ಲು ಅದನ್ನು ತೊಳೆಯುತ್ತೆ, ಆಮ್ಲವನ್ನು ಶಮನ ಮಾಡುತ್ತೆ, ಕರಗಿದ ಖನಿಜವನ್ನು ಅಷ್ಟಿಷ್ಟು ವಾಪಸ್ ತುಂಬುತ್ತೆ. ನಿದ್ದೆಯಲ್ಲಿ ಜೊಲ್ಲು ಬಹುಪಾಲು ನಿಂತೇಹೋಗುತ್ತೆ. ಬಾಟಲಿ ಬಾಯಲ್ಲೇ ಇಟ್ಟುಕೊಂಡು ಮಲಗಿದ ಮಗುವಿನ ಹಲ್ಲು ರಾತ್ರಿಯಿಡೀ ಸಿಹಿಹಾಲಿನಲ್ಲಿ ನೆನೆಯುತ್ತೆ. ಹಾಲುಹಲ್ಲಿನ ಎನಾಮಲ್ ದೊಡ್ಡವರ ಹಲ್ಲಿನದ್ದಕ್ಕಿಂತ ತೆಳು, ಹಾಗಾಗಿ ಕೆಲವೇ ತಿಂಗಳಲ್ಲಿ ಹಲ್ಲು ಮುರಿದು ಬೀಳುವ ಮಟ್ಟಕ್ಕೆ ಬರಬಹುದು.

ಎದೆಹಾಲಿನ ಬಗ್ಗೆ ಇಲ್ಲೇ ಒಂದು ಮಾತು, ಯಾಕಂದರೆ ಇದನ್ನು ಅರ್ಧ ಕೇಳಿಸಿಕೊಂಡು ಹಾಲು ಬಿಡಿಸುವವರಿದ್ದಾರೆ. ಎದೆಹಾಲು ಬಿಡಿಸಬೇಡಿ. ಮೊದಲ ವರ್ಷ ಎದೆಹಾಲು ಹುಳುಕಿನಿಂದ ಕಾಪಾಡುತ್ತೆ ಅಂತಲೇ ಅಧ್ಯಯನಗಳು ಹೇಳುತ್ತವೆ. ವರ್ಷ ತುಂಬಿದ ಮೇಲೆ, ಹಲ್ಲು ಬಂದ ಮೇಲೆ, ರಾತ್ರಿ ಪದೇ ಪದೇ ಕುಡಿದು ಹಾಗೇ ನಿದ್ದೆ ಹೋಗುವ ಮಕ್ಕಳಲ್ಲಿ ಮಾತ್ರ ಅಪಾಯ ಏರುತ್ತೆ. ಅದಕ್ಕೆ ಪರಿಹಾರ ಹಲ್ಲು ಶುಚಿ ಮಾಡೋದು, ಹಾಲು ನಿಲ್ಲಿಸೋದಲ್ಲ.

ಎಷ್ಟು ಸಿಹಿ ತಿಂದರು ಅನ್ನೋದಕ್ಕಿಂತ ಎಷ್ಟು ಸಲ ತಿಂದರು ಅನ್ನೋದು ಹಲ್ಲಿಗೆ ಮುಖ್ಯ. ಇದನ್ನು ಜಗತ್ತು ಕಂಡುಕೊಂಡ ರೀತಿ ಮಾತ್ರ ನಾಚಿಕೆಗೇಡಿನದು. 1940ರ ದಶಕದಲ್ಲಿ ಸ್ವೀಡನ್ನಿನ ಲುಂಡ್ ಊರಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ ಬುದ್ಧಿಮಾಂದ್ಯರನ್ನು ಇಟ್ಟಿದ್ದರು. ಅವರಿಗೆ ವರ್ಷಗಟ್ಟಲೆ ಅಂಟು ಟಾಫಿ ತಿನ್ನಿಸಿ ಹಲ್ಲು ಹೇಗೆ ಹಾಳಾಗುತ್ತೆ ಅಂತ ಲೆಕ್ಕ ಇಟ್ಟರು. ಅವರನ್ನು ಕೇಳಿದವರು ಯಾರೂ ಇಲ್ಲ. 1954ರಲ್ಲಿ ಫಲಿತಾಂಶ ಪ್ರಕಟವಾಯಿತು: ಊಟದ ಜೊತೆ ತಿಂದ ಸಿಹಿಗಿಂತ ಊಟದ ನಡುವೆ ಮತ್ತೆ ಮತ್ತೆ ತಿಂದ ಅಂಟು ಸಿಹಿ ಎಷ್ಟೋ ಪಾಲು ಹೆಚ್ಚು ಹಾನಿ ಮಾಡಿತ್ತು. ಪ್ರತಿ ಸಲ ಸಿಹಿ ಬಾಯಿಗೆ ಬಿದ್ದಾಗ ಆಮ್ಲ ಏರುತ್ತೆ, ಅದು ಇಳಿಯೋಕೆ ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಇನ್ನೊಂದು ಬಿಸ್ಕೆಟ್ ಬಿದ್ದರೆ ಲೆಕ್ಕ ಮತ್ತೆ ಮೊದಲಿನಿಂದ. ಸ್ವೀಡನ್ನಿನಲ್ಲಿ ಮಕ್ಕಳಿಗೆ ಶನಿವಾರ ಮಾತ್ರ ಮಿಠಾಯಿ ಅನ್ನುವ ರೂಢಿ ಬೆಳೆದದ್ದು ಆ ಟಾಫಿ ತಿಂದವರ ಹಲ್ಲಿನ ಬೆಲೆಯಲ್ಲಿ.

ನಮ್ಮ ಕರಾವಳಿಯ ಅಡುಗೆಮನೆಗೆ ಬನ್ನಿ. ಭಟ್ಕಳದ ಎಷ್ಟೋ ಮನೆಗಳಲ್ಲಿ ದುಡಿಯುವವರು ಗಲ್ಫ್‌ನಲ್ಲಿದ್ದಾರೆ. ರಜೆಗೆ ಬಂದಾಗ ಹೆಟ್ಟಿಗೆಯಲ್ಲಿ ಚಾಕಲೇಟು, ಹಾಲಿನ ಪುಡಿ, ಹಣ್ಣಿನ ರುಚಿಯ ಪಾನಕದ ಪುಡಿ ಬರುತ್ತೆ. ವರ್ಷಕ್ಕೊಮ್ಮೆ ಮಗುವನ್ನು ನೋಡೋ ಅಪ್ಪ, ಕೈಯಲ್ಲಿರೋದನ್ನು ಕೊಡದೆ ಇರ್ತಾನಾ? ಹೊನ್ನಾವರದ ಕಾಸರಕೋಡು, ಕುಮಟಾದ ತದಡಿ ಕಡೆ ತಾಯಿ ಬೆಳಗಿನ ಜಾವವೇ ಮೀನಿನ ಬುಟ್ಟಿ ಹೊತ್ತು ಹೊರಟರೆ ಮಗು ಅಜ್ಜಿಯ ಹತ್ತಿರ. ಚಾದಲ್ಲಿ ಅದ್ದಿದ ಬಿಸ್ಕೆಟ್ ಕೊಟ್ಟರೆ ಸುಮ್ಮನಾಗುತ್ತೆ. ಇನ್ನು ದೋಸೆಗೆ ಜೋನಿಬೆಲ್ಲ. 'ಬೆಲ್ಲ ತಾನೇ, ಸಕ್ಕರೆ ಅಲ್ವಲ್ಲ' ಅಂತ ತುಂಬ ಜನ ಹೇಳ್ತಾರೆ. ಬೆಲ್ಲ ನಮಗೆ ಬೇರೆ ಇರಬಹುದು, ಬ್ಯಾಕ್ಟೀರಿಯಾಕ್ಕೆ ಎರಡೂ ಒಂದೇ. ಜೋನಿ ಹಲ್ಲಿಗೆ ಅಂಟಿಕೊಳ್ಳುತ್ತೆ ಬೇರೆ. ತಿನ್ನಲೇಬೇಡಿ ಅಂತ ನಾನು ಹೇಳಲ್ಲ, ಜೋನಿಬೆಲ್ಲ ಇಲ್ಲದ ದೋಸೆ ಉತ್ತರ ಕನ್ನಡದಲ್ಲಿ ಯಾರಿಗೆ ಬೇಕು! ಎರಡು ವರ್ಷ ದಾಟಿದ ಮಗುವಿಗೆ ತಿಂಡಿಯ ಹೊತ್ತಿಗೆ, ತಿಂಡಿಯ ಜೊತೆ ಕೊಡಿ, ಮೇಲೆ ನೀರು ಕುಡಿಸಿ. ಅಳು ನಿಲ್ಲಿಸೋಕೆ ನಿಪ್ಪಲ್ಲಿಗೆ ಜೇನು ಸವರೋದು ಮಾತ್ರ ಬೇಡವೇ ಬೇಡ. ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಹಲ್ಲಿಗಷ್ಟೇ ಅಲ್ಲ, ಜೀವಕ್ಕೂ ಅಪಾಯ ತರಬಹುದು. ಮಗುವಿಗೆ ಪದೇ ಪದೇ ಕೆಮ್ಮು, ಜ್ವರ ಬಂದು ತಿಂಗಳುಗಟ್ಟಲೆ ಸಿರಪ್ ನಡೀತಾ ಇದ್ದರೆ ಅದರಲ್ಲೂ ಸಕ್ಕರೆ ಇರುತ್ತೆ. ಔಷಧ ನಿಲ್ಲಿಸಬೇಡಿ, ಕುಡಿಸಿದ ಮೇಲೆ ಬಾಯಿ ಒರೆಸಿ.

ಒಂದು ಪ್ರಶ್ನೆ. ಹಾಲಿನ ಬಾಟಲಿಯ ಜಾಹೀರಾತನ್ನು ಟೀವಿಯಲ್ಲಿ ನೋಡಿದ್ದೀರಾ? ನೋಡಿರಲ್ಲ. 1992ರಲ್ಲಿ ಬಂದು 2003ರಲ್ಲಿ ಬಿಗಿಯಾದ ಕಾಯ್ದೆಯೊಂದು ಶಿಶುಹಾಲಿನ ಪುಡಿ ಮತ್ತು ಹಾಲೂಡಿಸುವ ಬಾಟಲಿಯ ಜಾಹೀರಾತನ್ನು ನಿಷೇಧಿಸಿದೆ. ಅಷ್ಟು ಒಳ್ಳೆಯ ಕಾನೂನು ನಮ್ಮಲ್ಲಿದೆ. ಆದರೂ 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್‌ಲ್ಯಾಂಡಿನ ಪಬ್ಲಿಕ್ ಐ ಸಂಸ್ಥೆ ಒಂದು ವರದಿ ತಂತು. ಭಾರತದಲ್ಲಿ ಮಾರಾಟವಾಗುತ್ತಿದ್ದ ಸೆರೆಲ್ಯಾಕ್ ಶಿಶು ಆಹಾರದಲ್ಲಿ ಒಂದು ಸಲದ ಪ್ರಮಾಣಕ್ಕೆ ಸರಾಸರಿ ಸುಮಾರು 3 ಗ್ರಾಂ ಸಕ್ಕರೆ ಸೇರಿಸಲಾಗಿದೆ, ಕಂಪನಿಯ ತವರಾದ ಸ್ವಿಟ್ಜರ್‌ಲ್ಯಾಂಡಿನಲ್ಲಿ ಹಾಗಿಲ್ಲ ಅಂತ ಅದು ಹೇಳಿತು. ಕಂಪನಿ, ನಾವು ಇಲ್ಲಿನ ನಿಯಮ ಮೀರಿಲ್ಲ, ಸಕ್ಕರೆ ಕಡಿಮೆ ಮಾಡುತ್ತಾ ಬಂದಿದ್ದೇವೆ ಅಂತು. ನಾನು ಹೇಳೋದು ಇಷ್ಟೇ: ಡಬ್ಬಿಯ ಮುಂಭಾಗದ ನಗುವ ಮಗುವನ್ನು ಬಿಟ್ಟು ಹಿಂಭಾಗದ ಸಣ್ಣಕ್ಷರ ಓದಿ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಒಳಲೆ ಇತ್ತು, ಬಾಟಲಿ ಇರಲಿಲ್ಲ. ವರ್ಷ ತುಂಬಿದ ಮಗು ಲೋಟದಲ್ಲೇ ಕುಡಿಯೋಕೆ ಕಲಿಯಬಲ್ಲದು. ಒಂದೂವರೆ ವರ್ಷದೊಳಗೆ ಬಾಟಲಿ ಬಿಡಿಸಿ. ಒಂದೇ ದಿನಕ್ಕೆ ಕಿತ್ತುಕೊಂಡರೆ ಮನೆ ರಣರಂಗವಾಗುತ್ತೆ. ಹಾಗಾಗಿ ರಾತ್ರಿಯ ಹಾಲಿಗೆ ದಿನ ದಿನ ಸ್ವಲ್ಪ ಹೆಚ್ಚು ನೀರು ಬೆರೆಸುತ್ತಾ ಹೋಗಿ, ಎರಡು ವಾರದಲ್ಲಿ ಬರೀ ನೀರಿಗೆ ಬನ್ನಿ. ಮಗುವಿಗೇ ಬೇಜಾರಾಗಿ ಬಿಟ್ಟುಬಿಡುತ್ತೆ.

ಈಗ ಮುಖ್ಯವಾದ ವಿಷಯ. ತಿಂಗಳಿಗೊಮ್ಮೆ ಮಗುವನ್ನು ಬೆಳಕಿಗೆ ಮುಖಮಾಡಿ ತೊಡೆಯ ಮೇಲೆ ಮಲಗಿಸಿ, ಮೇಲ್ದುಟಿ ಎತ್ತಿ ನೋಡಿ. ಹಲ್ಲು ಒಸಡನ್ನು ಸೇರುವ ಜಾಗದಲ್ಲಿ ಸುಣ್ಣದ ಬಣ್ಣದ ಮಂಕಾದ ಬಿಳಿ ಗೆರೆ ಇದೆಯಾ? ಅದು ಹುಳುಕಿನ ಮೊದಲ ಹೆಜ್ಜೆ. ಆಗ ನೋವಿಲ್ಲ, ತೂತಿಲ್ಲ, ಹಾಗಾಗಿ ಯಾರೂ ಗಮನಿಸಲ್ಲ. ಆದರೆ ವಾಪಸ್ ಬರೋಕೆ ಸಾಧ್ಯ ಇರೋದು ಆ ಹಂತದಲ್ಲಿ ಮಾತ್ರ. ಬಾಟಲಿ ನಿಂತು, ಫ್ಲೋರೈಡ್ ಸಿಕ್ಕರೆ ಆ ಬಿಳಿ ಗೆರೆ ಮತ್ತೆ ಗಟ್ಟಿಯಾಗುತ್ತೆ. ಬಿಳಿ ಹೋಗಿ ಹಳದಿ, ಕಂದು ಬಂದು ಗುಳಿ ಬಿದ್ದ ಮೇಲೆ ಹಲ್ಲು ತಾನಾಗಿ ತುಂಬಿಕೊಳ್ಳಲ್ಲ. ಮೊದಲ ಹುಟ್ಟುಹಬ್ಬದೊಳಗೆ ಒಂದು ಸಲ ದಂತವೈದ್ಯರಿಗೆ ತೋರಿಸಿ ಅಂತ ಮಕ್ಕಳ ದಂತವೈದ್ಯರು ಹೇಳೋದು ಇದೇ ಗೆರೆಗಾಗಿ. ಕೇಕಿಗೆ ಅಷ್ಟು ಖರ್ಚು ಮಾಡ್ತೀವಿ.

ಪೇಸ್ಟಿನ ವಿಷಯಕ್ಕೆ ಬಂದರೆ ಜನ ಹೆದರ್ತಾರೆ. ಫ್ಲೋರೈಡ್ ಅಂದ ಕೂಡಲೇ ನಮ್ಮ ಕಣ್ಮುಂದೆ ಬರೋದು ಪಾವಗಡ, ಮುಂಡರಗಿ, ಕೋಲಾರದ ಹಳ್ಳಿಗಳು, ಹಲ್ಲಿನ ಕಂದು ಪಟ್ಟೆ, ಬಾಗಿದ ಕಾಲು. ಆ ವರದಿಗಳನ್ನು ಟೀವಿಯಲ್ಲಿ ನೀವೂ ನೋಡಿದ್ದೀರಿ. ಅಲ್ಲಿ ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ, ಜನ ಅದನ್ನೇ ದಿನವೂ ಕುಡಿಯುತ್ತಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಅಂತ ಭಾರತೀಯ ಮಾನಕ ಹೇಳುತ್ತೆ. ಮಳೆ ಸುರಿಯುವ ಕರಾವಳಿಯ ಜಂಬಿಟ್ಟಿಗೆ ನೆಲದ ತೆರೆದ ಬಾವಿ ನೀರಿನ ಸಮಸ್ಯೆ ಅದಲ್ಲ. ಇಲ್ಲಿ ಹಲ್ಲಿಗೆ ಬೇಕಾದ ಫ್ಲೋರೈಡ್ ಪೇಸ್ಟಿನಿಂದಲೇ ಬರಬೇಕು. ಮೊದಲ ಹಲ್ಲು ಕಂಡ ದಿನದಿಂದ ಮೂರು ವರ್ಷದವರೆಗೆ ಒಂದು ಅಕ್ಕಿಕಾಳಿನಷ್ಟು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಅಲೆಯಾಗಿ ಹಚ್ತಾರಲ್ಲ, ಹಾಗಲ್ಲ. ಮೂರರಿಂದ ಆರು ವರ್ಷಕ್ಕೆ ಬಟಾಣಿ ಕಾಳಿನಷ್ಟು. ಅಕ್ಕಿಕಾಳಿನಷ್ಟು ಪೇಸ್ಟು ನುಂಗಿದರೂ ಭಯವಿಲ್ಲ. ಫ್ಲೋರೈಡ್ ಪೇಸ್ಟಿನಲ್ಲಿ ಅದು ಎಷ್ಟು ಪಿಪಿಎಂ ಇದೆ ಅಂತ ಟ್ಯೂಬಿನ ಮೇಲೆ ಮುದ್ರಿಸಬೇಕು, 1000 ಮೀರುವಂತಿಲ್ಲ ಅನ್ನೋದು ನಮ್ಮ ದೇಶದ ನಿಯಮ. ಮಕ್ಕಳದ್ದು ಅಂತ ಕಾರ್ಟೂನ್ ಹಾಕಿ ಮಾರುವ ಕೆಲವು ಪೇಸ್ಟಿನಲ್ಲಿ ಫ್ಲೋರೈಡ್ ಇರೋದೇ ಇಲ್ಲ ಅಥವಾ ಅರ್ಧಕ್ಕರ್ಧ ಇರುತ್ತೆ. 1000ದ ಹತ್ತಿರ ಇರೋದನ್ನು ಆರಿಸಿ. ಬೆಳಿಗ್ಗೆ ಒಂದು ಸಲ, ರಾತ್ರಿ ಮಲಗುವ ಮುಂಚೆ ಕಡ್ಡಾಯವಾಗಿ ಒಂದು ಸಲ, ದೊಡ್ಡವರೇ ಉಜ್ಜಬೇಕು. ಆಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು.

ಆಗಲೇ ಕಪ್ಪಾಗಿರುವ ಮಗುವಿಗೆ ಏನು ಮಾಡೋದು? ಆ ತಾಯಿಯ ಪ್ರಶ್ನೆಯ ಅರ್ಧ ಭಾಗ ಇದೇ ಅಲ್ವಾ. ಎರಡು ವರ್ಷದ ಮಗು ಡ್ರಿಲ್ ಸದ್ದು ಕೇಳಿ ಬಾಯಿ ತೆರೆದು ಕೂರಲ್ಲ. ಹತ್ತಾರು ಹಲ್ಲು ಹಾಳಾಗಿದ್ದರೆ, ಕೀವಾಗಿದ್ದರೆ, ಪೂರ್ತಿ ಅರಿವಳಿಕೆ ಕೊಟ್ಟು ಆಪರೇಷನ್ ಥಿಯೇಟರಿನಲ್ಲಿ ಒಂದೇ ಸಲಕ್ಕೆ ಎಲ್ಲ ಮುಗಿಸಬೇಕಾಗಬಹುದು. ಅದಕ್ಕೆ ಮಕ್ಕಳ ದಂತತಜ್ಞರು, ಅರಿವಳಿಕೆ ತಜ್ಞರು ಇಬ್ಬರೂ ಬೇಕು. ಈ ಮೂರು ತಾಲ್ಲೂಕಿನವರು ಅಂಥ ಚಿಕಿತ್ಸೆಗೆ ಮಣಿಪಾಲ, ಮಂಗಳೂರು ಅಂತ ದಕ್ಷಿಣಕ್ಕೆ ಇಳೀತಾರೆ, ಇಲ್ಲವೇ ಘಟ್ಟ ಹತ್ತಿ ಹುಬ್ಬಳ್ಳಿ-ಧಾರವಾಡಕ್ಕೆ ಹೋಗ್ತಾರೆ. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು ತೊಂಬತ್ತು ಕಿಲೋಮೀಟರ್, ಕುಮಟಾದಿಂದ ನೂರೈವತ್ತರ ಆಸುಪಾಸು. ಈ ದಾರಿಯ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನೋ ಕೂಗು ರಾಜ್ಯಕ್ಕೆಲ್ಲ ಕೇಳಿಸಿದ್ದು ಆಗ. (ಇದು ಬೈಂದೂರು ಕಡೆಯ ಶಿರೂರು. 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಅಂಕೋಲಾ ತಾಲ್ಲೂಕಿನ ಶಿರೂರು.) ದೊಡ್ಡ ಆಸ್ಪತ್ರೆ ಬೇಕು, ಆ ಒತ್ತಾಯ ಬಿಡಬೇಡಿ. ಆದರೆ ಅದು ಬರುವವರೆಗೆ ಎರಡು ವರ್ಷದ ಮಗುವಿನ ಹಲ್ಲು ಕಾಯಲ್ಲ.

ಅದಕ್ಕೇ ಒಂದು ಔಷಧದ ಹೆಸರು ಹೇಳ್ತೀನಿ, ಬರೆದಿಟ್ಟುಕೊಳ್ಳಿ: ಸಿಲ್ವರ್ ಡೈಅಮೈನ್ ಫ್ಲೋರೈಡ್. ದಂತವೈದ್ಯರು ಹುಳುಕಾದ ಜಾಗ ಒರೆಸಿ, ಒಣಗಿಸಿ, ಸಣ್ಣ ಬ್ರಷ್ಷಿನಿಂದ ಒಂದು ಹನಿ ಸವರುತ್ತಾರೆ. ಇಂಜೆಕ್ಷನ್ ಇಲ್ಲ, ಡ್ರಿಲ್ ಇಲ್ಲ, ಕೆಲವೇ ನಿಮಿಷದ ಕೆಲಸ. ಬೆಳ್ಳಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತೆ, ಫ್ಲೋರೈಡ್ ಹಲ್ಲನ್ನು ಗಟ್ಟಿ ಮಾಡುತ್ತೆ, ಬಹಳಷ್ಟು ಹಲ್ಲುಗಳಲ್ಲಿ ಹುಳುಕು ಅಲ್ಲಿಗೇ ನಿಲ್ಲುತ್ತೆ. ಆರು ತಿಂಗಳಿಗೊಮ್ಮೆ ಮತ್ತೆ ಸವರಬೇಕಾಗುತ್ತೆ. ಒಂದೇ ಒಂದು ತೊಂದರೆ, ಹುಳುಕಾದ ಭಾಗ ಶಾಶ್ವತವಾಗಿ ಕಪ್ಪಾಗುತ್ತೆ. ಫೋಟೋಗೆ ಚೆನ್ನಾಗಿರಲ್ಲ ಅಂತ ಬೇಡ ಅನ್ನುವವರಿದ್ದಾರೆ. ಅರಿವಳಿಕೆ ಮತ್ತು ನೂರಾರು ಕಿಲೋಮೀಟರ್ ಓಡಾಟ ತಪ್ಪುತ್ತೆ ಅಂದರೆ ನಾನಾದರೆ ಕಪ್ಪು ಹಲ್ಲನ್ನೇ ಆರಿಸ್ತೀನಿ, ನಿಮ್ಮ ಮನಸ್ಸು ನಿಮಗೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಜೊತೆಗೆ ಫ್ಲೋರೈಡ್ ಪೇಸ್ಟು ಮತ್ತು ಡ್ರಿಲ್ ಇಲ್ಲದೆ ಗುಳಿ ತುಂಬೋಕೆ ಬರುವ ಗ್ಲಾಸ್ ಅಯೊನೊಮರ್ ಸಿಮೆಂಟ್ ಕೂಡ ಸೇರಿತು. ಹುಳುಕು ನರದವರೆಗೆ ಇಳಿದಿದ್ದರೆ ಮಾತ್ರ ಇದರಿಂದ ಆಗಲ್ಲ. ಆಗ ಬೇರಿನ ಚಿಕಿತ್ಸೆ ಮಾಡಿ ಉಕ್ಕಿನ ಟೊಪ್ಪಿ ಹಾಕಬೇಕು, ಇಲ್ಲವೇ ಹಲ್ಲು ತೆಗೆದು ಜಾಗ ಕಾಯುವ ತಂತಿ ಕೂರಿಸಬೇಕು.

ಕೆನ್ನೆ ಅಥವಾ ಕಣ್ಣಿನ ಕೆಳಗೆ ಊದಿಕೊಂಡರೆ, ಜೊತೆಗೆ ಜ್ವರ ಬಂದರೆ, ನುಂಗೋಕೆ ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಹಲ್ಲಿನ ಕೀವು ಮಗುವಿನ ಮೈಯಲ್ಲಿ ಬೇಗ ಹರಡುತ್ತೆ. ಲವಂಗದ ಎಣ್ಣೆ ಎಳೆಯ ಒಸಡನ್ನು ಸುಡುತ್ತೆ. ಹೊಗೆಸೊಪ್ಪು, ನಶ್ಯ ಇಡೋದಂತೂ ವಿಷ ಇಟ್ಟ ಹಾಗೆ. ಆಸ್ಪಿರಿನ್ ಮಕ್ಕಳಿಗಲ್ಲ. ಬೆಂಜೊಕೇನ್ ಇರುವ ಮರಗಟ್ಟಿಸುವ ಜೆಲ್ ಎರಡು ವರ್ಷದೊಳಗಿನವರಿಗೆ ಬೇಡ. ನೋವಿಗೆ ಪ್ಯಾರಾಸಿಟಮಾಲ್ ಕೊಡಬಹುದು, ಎಷ್ಟು ಅನ್ನೋದು ಮಗುವಿನ ತೂಕದ ಮೇಲೆ, ಡಾಕ್ಟರನ್ನು ಕೇಳಿಯೇ.

ಕೊನೆಗೆ ನಿಮ್ಮ ಹಕ್ಕಿನ ವಿಷಯ. ಹಿರಿಯರ ಕಟ್ಟುಹಲ್ಲಿಗೆ ದಂತಭಾಗ್ಯ ಯೋಜನೆ ಇರೋದು ಬಹಳ ಜನರಿಗೆ ಗೊತ್ತು. ಮಕ್ಕಳದ್ದು ಗೊತ್ತಿರೋದು ಕಡಿಮೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ಹಲವು ತೊಂದರೆಗಳಿಗಾಗಿ ಪರೀಕ್ಷೆ ಮಾಡಬೇಕು, ಆ ಪಟ್ಟಿಯಲ್ಲಿ ಹಲ್ಲೂ ಇದೆ. ವೈದ್ಯರ ಸಂಚಾರಿ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆ ಸರ್ಕಾರಿ ತಾಲ್ಲೂಕು ಆಸ್ಪತ್ರೆ ಇದೆ. ನಿಮ್ಮ ಅಂಗನವಾಡಿ ಟೀಚರ್ ಹತ್ತಿರ ಆ ತಂಡ ಯಾವಾಗ ಬರುತ್ತೆ ಅಂತ ಇವತ್ತೇ ಕೇಳಿ. ಬಂದ ದಿನ ಮಗುವನ್ನು ಕರೆದುಕೊಂಡು ನೀವೂ ಹೋಗಿ. ಸಾಲು ಉದ್ದ ಇರುತ್ತೆ, ತೂಕ, ಎತ್ತರ, ಕಣ್ಣು ನೋಡುವ ಹೊತ್ತಿಗೆ ಮಕ್ಕಳು ಅಳೋಕೆ ಶುರು ಮಾಡಿರ್ತಾರೆ, ಬಾಯಿ ನೋಡೋದು ತೇಲಿಹೋಗಬಹುದು. "ಡಾಕ್ಟ್ರೇ, ತುಟಿ ಎತ್ತಿ ಒಮ್ಮೆ ನೋಡಿ" ಅಂತ ನೀವೇ ಬಾಯಿ ಬಿಟ್ಟು ಕೇಳಿ. ಗೆರೆ ಕಂಡರೆ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಚೀಟಿ ಬರೆಸಿಕೊಂಡೇ ಅಲ್ಲಿಂದ ಹೊರಡಿ.